ಕಾಗದದ ಫಲಾವಳಿ

"ಈ ಸಲದ ಚೌತಿಗೆ ನಮ್ಮ ಮನೆಯ ಫಲಾವಳಿ ನೋಡಿ ಮಾಜಾಳಿಯವರು ಮೂಗಿನ ಮೇಲೆ ಬೆರಳಿಡಬೇಕು! ಇಡದಿದ್ದರೆ ನನ್ನ ಹೆಸರು ಬಾಬು ಅಲ್ಲ!"

ಅವರ್ಸಾದ ನಮ್ಮ ಜಗಲಿಯಲ್ಲಿ ನಿಂತು ನಾನು ಹೀಗೆ ಘೋಷಿಸಿದ್ದು 2006ರ ಶ್ರಾವಣದಲ್ಲಿ. ಮಾಜಾಳಿಯವರು ಎಂದರೆ ನನ್ನ ಹೆಂಡತಿ ಸುಮಲತಾಳ ಅಣ್ಣ, ಕಿಶನ ಭಾವ. ಅವರ ಗಣಪತಿ ಒಂದೂವರೆ ದಿನದ್ದು, ನಮ್ಮದು ಐದು ದಿನದ್ದು. ತಮ್ಮದನ್ನು ನೀರಿಗೆ ಬಿಟ್ಟವರೇ ನಮ್ಮಲ್ಲಿಗೆ ಬರುತ್ತಾರೆ. ಗಣಪತಿಯ ತಲೆಯ ಮೇಲೆ ಕಟ್ಟಿದ ಮರದ ಚೌಕಟ್ಟು, ಅದಕ್ಕೆ ತೂಗುಬಿಟ್ಟ ತೆಂಗಿನಕಾಯಿ, ಮೊಗೆಕಾಯಿ, ಕಾಡಿನ ಹಣ್ಣು, ಸೊಪ್ಪು ಎಲ್ಲ ಸೇರಿದ ಫಲಾವಳಿಯನ್ನು ಕತ್ತೆತ್ತಿ ನೋಡುತ್ತಾರೆ. ಆಮೇಲೆ, "ಹ್ಞಾಂ... ಕಟ್ಟಿದ್ರಿ" ಎನ್ನುತ್ತಾರೆ. ಅಷ್ಟೇ! ಒಂಬತ್ತು ವರ್ಷಗಳಿಂದ ಆ "ಹ್ಞಾಂ" ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಕಾಡಿಗೆ ಹೋಗಿ ಫಲಾವಳಿಗೆ ಕಾಯಿ, ಸೊಪ್ಪು ತರುವುದು ಮನೆಯ ಗಂಡಸಿನ ಕೆಲಸ. ನನಗೂ ಮಳೆಗಾಲದ ಕಾಡಿನಲ್ಲಿ ರಕ್ತ ಹೀರುವ ಉಂಬಳಗಳಿಗೂ ಹಳೆಯ ವೈರ. ಅಷ್ಟರಲ್ಲಿ ಕಾರವಾರದ ಸೈಬರ್ ಕೆಫೆಯಲ್ಲಿ ನನಗೆ ಜ್ಞಾನೋದಯವಾಯಿತು. ಜಪಾನಿನವರು ಕತ್ತರಿ ಮುಟ್ಟದೆ, ಅಂಟು ಹಚ್ಚದೆ, ಒಂದೇ ಚೌಕ ಕಾಗದ ಮಡಚಿ ಪ್ರಾಣಿ, ಎಲೆ, ಕೊನೆಗೆ ತಮ್ಮ ಅಜ್ಜಿಕಥೆಯ ಭೂತಗಳನ್ನೂ ಮಾಡುತ್ತಾರೆ! ಅದರ ಹೆಸರು ಒರಿಗಾಮಿ. ನಲವತ್ತು ಹಾಳೆ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದೆ.

ಹದಿನೈದು ದಿನ ಮಡಚಿದೆ. ಒಂಬತ್ತು ಬಾಲದ ಕೆಂಪು ನರಿ. ಮಾರುದ್ದ ಮೂಗಿನ ಗುಡ್ಡದ ಭೂತ; ಹೆಸರು ತೆಂಗು, ನಮ್ಮ ತೆಂಗಿನಮರವಲ್ಲ. ತಲೆಯ ಮೇಲಿನ ಬಟ್ಟಲಲ್ಲಿ ನೀರು ಹೊತ್ತ ಹೊಳೆಯ ಭೂತ ಕಪ್ಪಾ. ಜೊತೆಗೆ ಹಸಿರು ಕಾಗದದ ಎಲೆಗಳು ರಾಶಿ ರಾಶಿ!

ಸುಮಲತಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಗಣಪತಿ ತಲೆ ಮೇಲೆ ಭೂತ ತೂಗೂದಾ? ಕಾಡಿಗೆ ಹೋಗಿ ನಾಕು ಕಾಯಿ ತರೂಕೆ ಆಗೂದಿಲ್ಲ ಅಂತ ಸೀದಾ ಹೇಳಿ!"

"ಭೂತ ಅಲ್ಲ, ಕಲೆ! ಕಪ್ಪಾನಿಗೆ ಸೌತೆಕಾಯಿ ಅಂದ್ರೆ ಪ್ರಾಣ. ಮೊಗೆಕಾಯಿಯೂ ಸೌತೆಯ ಜಾತಿಯೇ ಅಲ್ವಾ, ಅದರ ಪಕ್ಕದಲ್ಲೇ ಕಟ್ಟಿದ್ದೇನೆ. ಎಷ್ಟು ವಿಚಾರ ಮಾಡಿದ್ದೇನೆ ನೋಡು!"

"ವಿಚಾರ ಮಾಡೂ ಬದ್ಲು ಕತ್ತಿ ತಕಂಡು ಹೋಗಿದ್ರೆ ಕೆಲ್ಸ ಮುಗೀತಿತ್ತು!"

ಇದು ನ್ಯಾಯವೇ? ನೀವೇ ಹೇಳಿ! ಬುಟ್ಟಿ ಹೊತ್ತು ಸೊಪ್ಪು ಮಾರಲು ಬಂದ ಕಾಮಿಯಾದರೂ ಕಲೆಯ ಬೆಲೆ ತಿಳಿದಾಳು ಎಂದುಕೊಂಡೆ. ಅವಳು ನನ್ನ ಒಂಬತ್ತು ಬಾಲದ ನರಿಯನ್ನು ಬಹಳ ಹೊತ್ತು ನೋಡಿದಳು.

"ಸಿಗಡಿ ಚಲೋ ಮಾಡೀರಿ ಒಡೆಯಾ. ಆದ್ರೆ ಚೌತಿ ದಿನ ದೇವ್ರ ಮುಂದೆ ಸಿಗಡಿ ಕಟ್ಟೂದಾ?"

ಸಿಗಡಿಯಂತೆ! ಜಪಾನಿನ ರಾಜರನ್ನೇ ಮರುಳು ಮಾಡಿದ ನರಿ ಅದು! ಹಬ್ಬಕ್ಕೆಂದು ಮೀನಿನ ಪಾತ್ರೆಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದ್ದ ಸುಮಲತಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಚೌತಿಯ ಬೆಳಿಗ್ಗೆ ಮಳೆ ಹಿಡಿಯಿತು. ಕರಾವಳಿಯ ತೇವ ಜಪಾನಿನ ಶಿಸ್ತಿಗೆ ತಲೆಬಾಗುತ್ತದೆಯೇ? ತೆಂಗುವಿನ ಮೂಗು ಮೊದಲು ಜೋತುಬಿತ್ತು. ಕಪ್ಪಾ ಮುದುಡಿ ನೆನೆದ ಹಪ್ಪಳವಾದ. ಭಟ್ಟರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿರುವಾಗ ಅವರ ಬೋಳು ತಲೆಯ ಮೇಲೆ ಕೆಂಪು ಹನಿಯೊಂದು ಟಪ್ಪೆಂದು ಬಿತ್ತು.

"ಬಾಬು, ಮೇಲೆ ಎಂತಾ ಸೋರ್ತದೆ?"

"ಅದು... ನರಿ, ಭಟ್ರೆ."

"ನರಿಗೆ ಎಂತಾ ಆಗಿದೆ?"

ಅಂಗಡಿಯವನು ಕೊಟ್ಟ ಕಳಪೆ ಕಾಗದ ಬಣ್ಣ ಬಿಟ್ಟರೆ ತಪ್ಪು ನನ್ನದೇ? ಎರಡನೆಯ ಹನಿ ನೈವೇದ್ಯದ ಪಂಚಕಜ್ಜಾಯದ ಮೇಲೆ ಬಿತ್ತು. ಭಟ್ಟರು ಹೊರಟದ್ದೇ ತಡ, ಸುಮಲತಾ ಸ್ಟೂಲು ಹತ್ತಿ ನನ್ನ ಜಪಾನನ್ನೆಲ್ಲ ಕಿತ್ತು ಒಲೆಯ ಪಕ್ಕಕ್ಕೆ ಎಸೆದಳು. ಕಾಮಿಯನ್ನು ಕೂಗಿ ಕರೆದು ಅವಳ ಬುಟ್ಟಿಯ ಕಾಡುಹಣ್ಣು, ಸೊಪ್ಪು ಎಲ್ಲವನ್ನೂ ತೂಗುಬಿಟ್ಟಳು. ನಾನು ಕಾಲು ಹಿಡಿಯುವುದೊಂದು ಬಾಕಿ! ಕೊನೆಗೆ ಬಣ್ಣ ಬಿಡದ ಹಸಿರು ಎಲೆಗಳನ್ನಷ್ಟೇ ಮತ್ತೆ ಕಟ್ಟಲು ಬಿಟ್ಟಳು.

ಮೂರನೆಯ ದಿನ ಕಿಶನ ಭಾವ ಬಂದರು. ಕೈಮುಗಿದರು. ಕತ್ತೆತ್ತಿದರು. "ಹ್ಞಾಂ" ಬರಲಿಲ್ಲ! ಅವರು ಇನ್ನೂ ಹತ್ತಿರ ಹೋದರು.

"ಭಾವ, ಸುಮಿ ಫೋನಲ್ಲಿ ಹೇಳಿದ್ಲು, ಕಾಗದದ ಎಲೆ ಮಾಡಿದ್ರಿ ಅಂತ. ನಾನು ನಗಾಡಿದ್ದೆ. ಆದ್ರೆ ಈ ಎಲೆ... ಅಬ್ಬಾ! ಒಂದೊಂದು ನರ ಸಮೇತ ಮಾಡಿದ್ರಲ್ಲ! ಅಂಚಲ್ಲಿ ಒಣಗಿದ್ದು ಸಹ! ಇದು ಖರೇನೂ ಕಾಗದಾ?"

ಒಂಬತ್ತು ವರ್ಷ! ಒಂಬತ್ತು ವರ್ಷ ಈ ಮಾತಿಗಾಗಿ ಕಾದಿದ್ದೆ! ನನ್ನ ಕಣ್ಣು ತುಂಬಿ ಬಂತು. ನಿಜ ಹೇಳಬೇಕೆಂದರೆ ಆ ಎಲೆಯನ್ನು ಮಡಚಿದ ನೆನಪು ನನಗಿರಲಿಲ್ಲ. ಆದರೆ ಮನೆಬಾಗಿಲಿಗೆ ಬಂದ ಹೊಗಳಿಕೆಯ ಊರು ಕೇರಿ ವಿಚಾರಿಸುವವನು ಮೂರ್ಖ.

"ಹೌದು ಭಾವ," ಎಂದೆ ಗಂಭೀರವಾಗಿ. "ಒಂದೇ ಚೌಕ. ಸರಿಯಾಗಿ ಮೂವತ್ತೆರಡು ಮಡಿಕೆ. ಇಡೀ ಒಂದು ದಿನ ಅದಕ್ಕೇ ಹೋಯಿತು. ಈ ತಾಲೂಕಿನಲ್ಲಿ ಇಂಥದ್ದನ್ನು ಮಾಡುವವರು ಇನ್ನೊಬ್ಬರಿಲ್ಲ."

ಭಾವ ಭಕ್ತಿಯಿಂದ ಬೆರಳು ಚಾಚಿ ಎಲೆಯನ್ನು ಮುಟ್ಟಿದರು.

ಎಲೆ ಆರು ಕಾಲು ಚಾಚಿತು. ಎರಡು ಉದ್ದ ಮೀಸೆ ಆಡಿಸಿತು. ಟಣ್ಣನೆ ಜಿಗಿದು ಭಾವನ ಹಣೆಯ ಮೇಲೆ ಕೂತಿತು. ಕಾಮಿಯ ಸೊಪ್ಪಿನ ಜೊತೆಗೆ ಬಂದ ಹಸಿರು ಮಿಡತೆ!

ಭಾವ "ಅಯ್ಯೋ!" ಎಂದು ಎರಡು ಹೆಜ್ಜೆ ಹಿಂದೆ ಹಾರಿದರು. ಸುಮಲತಾ ಪಾಯಸ ಬಡಿಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಹೆದರ್ಬೇಡ ದಾದಾ," ಎಂದಳು, "ಅದು ಮೂವತ್ತಮೂರನೇ ಮಡಿಕೆ."