ಪ್ರೋಗ್ರಾಮಿನೊಳಗೆ ಬಂದ ನೆಂಟರು

ಮನೆ ಬಿಟ್ಟು ದೂರ ಹೋಗುವವರು ಊರಿನ ನೆನಪಿಗೆಂದು ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ನೆಂಟರನ್ನೇ ಒಯ್ದುಬಿಟ್ಟೆ. ತಿರುವನಂತಪುರದ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ನಾನೊಬ್ಬನೇ ಕನ್ನಡಿಗ. ಕೆಲಸಕ್ಕೆ ಇಂಗ್ಲಿಷ್, ಕ್ಯಾಂಟೀನಿಗೆ ನನ್ನ ಹರಕುಮುರುಕು ಮಲಯಾಳ. ಕನ್ನಡಕ್ಕೆ ಉಳಿದದ್ದು ಕಂಪ್ಯೂಟರ್ ಒಂದೇ. ಪ್ರೋಗ್ರಾಮಿನಲ್ಲಿ ಪ್ರತಿಯೊಂದಕ್ಕೂ ಹೆಸರಿಡಬೇಕು, ಆದರೆ ಇಂಥದ್ದೇ ಹೆಸರಿರಲಿ ಎಂದು ಯಂತ್ರಕ್ಕೆ ಹಟವಿಲ್ಲ. ಹಾಗಾಗಿ ಎರ್ನಾಕುಲಂ ಬಳಿಯ ಏಲೂರಿನ ಕಾರ್ಖಾನೆಯೊಂದಕ್ಕೆ ಪಾಳಿಪಟ್ಟಿ ಮಾಡಿಕೊಡುವ ಪ್ರೋಗ್ರಾಮಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮೈಸೂರಿನ ನಮ್ಮ ಮನೆಮಂದಿಯನ್ನೆಲ್ಲ ಕೂರಿಸಿದೆ. ಹಳೆಯ ಪಾಳಿಗಳನ್ನೆಲ್ಲ ನೆನಪಿಡುವುದು 'ಅಜ್ಜಿ'. ಹೇಳದೆ ಕೇಳದೆ ಬರುವ ರಜೆ 'ಚಿಕ್ಕಪ್ಪ'. ಎಲ್ಲದರಲ್ಲೂ ತಪ್ಪು ಹುಡುಕುವ ಭಾಗ 'ಸೋದರತ್ತೆ'. ಅವರು ಇದನ್ನು ಓದುವುದಿಲ್ಲವೆಂಬ ಧೈರ್ಯ ನನಗೆ.

ನನ್ನ ಕೆಲಸವನ್ನು ಪರಿಶೀಲಿಸುತ್ತಿದ್ದವರು ಅಂಬಿಕಾ ಚೇಚಿ. ಚೇಚಿ ಎಂದರೆ ಅಕ್ಕ. ವಯಸ್ಸಿನಲ್ಲೂ ಬುದ್ಧಿಯಲ್ಲೂ ಹಿರಿಯರು. ನನ್ನನ್ನು ಕರೆಯುತ್ತಿದ್ದದ್ದು 'ಮೋನೇ' ಎಂದು, ಅಂದರೆ ಮಗನೇ. ಕನ್ನಡಕ ಹಣೆಗೇರಿಸಿ, "ಮೋನೇ, ಈ ಚಿಕ್ಕಪ್ಪ ಯಾರು? ಇವರು ಸೊನ್ನೆಯಾದರೆ ಸೋದರತ್ತೆ ಯಾಕೆ ಕಿರುಚುತ್ತಾರೆ?" ಎಂದು ಮಲಯಾಳದಲ್ಲಿ ಕೇಳಿದರು. ಬೇರೆ ಯಾರೇ ಆಗಿದ್ದರೂ ಹೆಸರುಗಳನ್ನೆಲ್ಲ ಬದಲಾಯಿಸು ಎಂದು ಗದರುತ್ತಿದ್ದರು. ಚೇಚಿ ಕುರ್ಚಿ ಎಳೆದುಕೊಂಡು ಒಬ್ಬೊಬ್ಬರ ಪರಿಚಯ ಮಾಡಿಕೊಂಡರು. ನನ್ನ ಮಾತು ಮುಗಿಯುವಷ್ಟರಲ್ಲಿ ಎರಡು ಸಲ ಚಾಯ ಬಂತು. ಆಮೇಲೆ ವಾರಕ್ಕೊಮ್ಮೆ, "ಅಜ್ಜಿಯ ಮಂಡಿನೋವು ಹೇಗಿದೆ?" ಎಂದು ಅವರಾಗಿಯೇ ವಿಚಾರಿಸುತ್ತಿದ್ದರು. ಪರಊರಿನಲ್ಲಿ ನಮ್ಮ ಅಜ್ಜಿಯ ಮಂಡಿಯನ್ನು ವಿಚಾರಿಸುವವರೊಬ್ಬರು ಇದ್ದರಲ್ಲ, ಅದಕ್ಕೆ ನಾನು ಇಂದಿಗೂ ಋಣಿ.

ನಾಲ್ಕು ವರ್ಷ ಕಳೆದು ನನಗೆ ಎರ್ನಾಕುಲಂ ಶಾಖೆಗೆ ವರ್ಗವಾಯಿತು. ಓಣಂ ಹಬ್ಬಕ್ಕೆ ಮೂರು ದಿನವಿದ್ದಾಗ ಏಲೂರಿನಿಂದ ಸೂಪರ್‌ವೈಸರ್ ಫೋನು ಮಾಡಿದರು. "ಸಾರೇ, ಹೋದ ಓಣಂಗೆ ದುಡಿದ ಹತ್ತು ಜನಕ್ಕೇ ಈ ಸಲವೂ ಪಾಳಿ ಬಿದ್ದಿದೆ. ಅವರಿಗೇನು ಹೆಂಡತಿ ಮಕ್ಕಳಿಲ್ಲವೇ? ಸಂಜೆ ಐದಕ್ಕೆ ನಾನು ಪಟ್ಟಿ ಅಂಟಿಸಬೇಕು!"

ಪ್ರೋಗ್ರಾಮು ತೆರೆದರೆ, ನಾನೇ ಕರೆತಂದ ನೆಂಟರ ಗುರುತು ನನಗೇ ಹತ್ತಲಿಲ್ಲ. ಈ 'ದೊಡ್ಡಮ್ಮ' ಯಾವ ಕೆಲಸಕ್ಕೆ ಬಂದಿದ್ದರು? ಬೆವರು ಒರೆಸಿಕೊಳ್ಳುತ್ತ ನೋಡಿದರೆ, ಪ್ರತಿ ಹೆಸರಿನ ಪಕ್ಕದಲ್ಲೂ ಚೇಚಿ ಎಂದೋ ಬರೆದಿಟ್ಟ ಟಿಪ್ಪಣಿ! "ದೊಡ್ಡಮ್ಮ: ಹಬ್ಬಕ್ಕೆ ಮಾತ್ರ ಬರುತ್ತಾರೆ. ಹಬ್ಬದ ಪಾಳಿ ಹಂಚುವವರು ಇವರೇ, ಆದರೆ ಅಜ್ಜಿಯನ್ನು ಕೇಳಿಯೇ ಹಂಚಬೇಕು." ಕೇಳುವ ಸಾಲು ಎಲ್ಲಿ ಹೋಯಿತು? ಹೋದ ತಿಂಗಳು, ಪ್ರೋಗ್ರಾಮು ಬೇಗ ಓಡಲೆಂದು, ಟಿಪ್ಪಣಿ ಓದದೆ, ಚೇಚಿಗೂ ತೋರಿಸದೆ, ಅಜ್ಜಿಯನ್ನು ಪದೇ ಪದೇ ಏನು ಕೇಳುವುದು ಎಂದು ನಾನೇ ಅದನ್ನು ಕಿತ್ತುಹಾಕಿದ್ದೆ. ತೆಪ್ಪಗೆ ಮತ್ತೆ ಸೇರಿಸಿದೆ. ನಾಲ್ಕೂವರೆಗೆ ಹೊಸ ಪಟ್ಟಿ ಏಲೂರು ತಲುಪಿತು. ಆ ಹತ್ತು ಜನ ಈ ಸಲ ಮನೆಯಲ್ಲೇ ಎಲೆಯ ಮುಂದೆ ಕೂರುವಂತಾಯಿತು.

ಉಪಕಾರ ಮರೆಯಬಾರದೆಂದು, ಅಜ್ಜಿಯನ್ನು ಕೇಳಿಯೇ ಪಾಳಿ ಹಂಚಿದೆಯೇ ಎಂದು ನೋಡುವ ಹೊಸ ಭಾಗವೊಂದನ್ನು ಬರೆದು 'ಚೇಚಿ' ಎಂದು ಹೆಸರಿಟ್ಟೆ. ಪಕ್ಕದಲ್ಲಿ, "ಇವರಿಲ್ಲದೆ ಏನೂ ನಡೆಯದು" ಎಂದು ಬರೆದೆ. ಅದು ತಿರುವನಂತಪುರಕ್ಕೆ ಪರಿಶೀಲನೆಗೆ ಹೋಗಿ ಮರುದಿನ ಮರಳಿತು. ಚೇಚಿ ಹೆಸರನ್ನು ಮುಟ್ಟಿರಲಿಲ್ಲ, ಟಿಪ್ಪಣಿಯನ್ನು ತಿದ್ದಿದ್ದರು: "ಮೊಮ್ಮಗ ಮತ್ತೆ ಅಜ್ಜಿಯನ್ನು ಮರೆಯದಂತೆ ನೋಡಿಕೊಳ್ಳುತ್ತಾರೆ."

ಓದಿದವನೇ ಮೈಸೂರಿಗೆ ಫೋನು ಮಾಡಿದೆ. ಎತ್ತಿದ್ದು ಸೋದರತ್ತೆ. "ಓಹೋ, ಈಗ ನೆನಪಾಯ್ತಾ? ನೀನು ಫೋನ್ ಮಾಡಿ ಇಪ್ಪತ್ಮೂರು ದಿನ ಆಯ್ತು ಕಣೋ. ಅಜ್ಜಿ ಲೆಕ್ಕ ಇಟ್ಟಿದ್ದಾರೆ!"

ಅಜ್ಜಿ, ಸೋದರತ್ತೆ ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರು. ದೋಷವಿದ್ದದ್ದು ಬರೆದವನಲ್ಲಿ.