ನನ್ನ ದೆವ್ವಗಳಿಗೆ ಅತ್ತೆಯ ಕನಿಕರ

ಭಕ್ತಿ ಬೇಕಾದವರಿಗೆ ದೇವಸ್ಥಾನವಿದೆ. ಅಳು ಬೇಕಾದವರಿಗೆ ನೆಂಟರಿಷ್ಟರಿದ್ದಾರೆ. ಆದರೆ ನೆಮ್ಮದಿಯಾಗಿ ಕೂತು ಒಂದಿಷ್ಟು ಹೆದರಬೇಕು ಎನ್ನುವವರು ಎಲ್ಲಿಗೆ ಹೋಗಬೇಕು ಹೇಳಿ? ನನಗೆ ಚಿಕ್ಕಂದಿನಿಂದ ದೆವ್ವದ ಸಿನಿಮಾ ಎಂದರೆ ಪ್ರಾಣ. ಇದನ್ನು ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಸೀರೆ ಉಟ್ಟು, ಹೂ ಮುಡಿದು, ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು "ಲೈನ್ ಸಿಗ್ತಾ ಇಲ್ಲ, ಸ್ವಲ್ಪ ತಡೀರಿ" ಎನ್ನುವ ಹೆಂಗಸಿಗೆ ಇದೆಂಥ ಹುಚ್ಚು ಎಂದು. ಹುಚ್ಚೇ ಇರಲಿ, ನಿಮ್ಮಪ್ಪನ ಗಂಟೇನು ಹೋಯಿತು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುತ್ತಿರುವುದೂ ಸಿಟ್ಟಿನಲ್ಲೇ.

ಈ ಸಿಟ್ಟಿನ ಬೇರು ತೀರ್ಥಹಳ್ಳಿಯ ಟೆಂಟ್ ಸಿನಿಮಾದಲ್ಲಿದೆ. ಎಪ್ಪತ್ತರ ದಶಕದಲ್ಲಿ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಟೆಂಟ್ ಬಂದರೆ ಅಣ್ಣನ ಕಾವಲಿನಲ್ಲಿ ಕಳಿಸುತ್ತಿದ್ದರು. ಪರದೆಯ ಮೇಲೆ ಹಾಳು ಬಂಗಲೆಯ ಬಾಗಿಲು ಕಿರ್ ಎಂದು ತೆರೆಯುತ್ತದೆ, ದೀಪ ಆರುತ್ತದೆ, ಇನ್ನೇನು ಅದು ಈ ಕಡೆ ತಿರುಗಬೇಕು, ಅಷ್ಟರಲ್ಲಿ ಅಣ್ಣನ ಅಂಗೈ ನನ್ನ ಕಣ್ಣಿನ ಮೇಲೆ! "ಬಿಡೋ, ನಾ ನೋಡ್ಬೇಕು" ಎಂದರೆ "ಸುಮ್ನಿರೆ, ಹೆಣ್ಮಕ್ಕಳು ನೋಡ್ಬಾರ್ದು, ಜ್ವರ ಬರ್ತದೆ" ಎನ್ನುತ್ತಿದ್ದ. ತಾನು ಮಾತ್ರ ಕಣ್ಣರಳಿಸಿ ನೋಡಿ, ಮನೆಗೆ ಬಂದ ಮೇಲೆ ಹಿತ್ತಲಿಗೆ ಹೋಗಲು ಅಮ್ಮನನ್ನು ಜೊತೆಗೆ ಕರೆಯುತ್ತಿದ್ದ. ಜ್ವರ ಬರುತ್ತಿದ್ದುದೂ ಅವನಿಗೇ. ಹೀಗಾಗಿ ನಾನು ನೋಡಿದ ದೆವ್ವದ ಸಿನಿಮಾಗಳಲ್ಲಿ ಒಂದರಲ್ಲೂ ದೆವ್ವ ಇರಲಿಲ್ಲ. ಮುಂದೆ ಕೆಲಸ ಸಿಕ್ಕಿ, ಮದುವೆಯಾಗಿ, ಎಂಬತ್ತರ ದಶಕದಲ್ಲಿ ಸಾಗರದ ಮನೆಗಳಿಗೆ ವಿ.ಸಿ.ಆರ್. ಕಾಲಿಟ್ಟಾಗ ನಾನು ಮಾಡಿದ ಸಂಕಲ್ಪ ಒಂದೇ. ಒಳ್ಳೊಳ್ಳೆಯ ದೆವ್ವದ ಸಿನಿಮಾಗಳನ್ನು ಆರಿಸಿ ಆರಿಸಿ ನನ್ನದೇ ಒಂದು ಸಂಗ್ರಹ ಮಾಡಬೇಕು. ನನ್ನ ಕಪಾಟು, ನನ್ನ ಕ್ಯಾಸೆಟ್ಟು, ನನ್ನ ಹೆದರಿಕೆ. ನಡುವೆ ಯಾವನೂ ಕೈ ಅಡ್ಡ ತರಕೂಡದು.

ಆರಿಸುವುದೆಂದರೆ ತಮಾಷೆಯಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಲೈಬ್ರರಿಯವನು ಹಳೆಯ ಕ್ಯಾಸೆಟ್ ಮಾರುತ್ತಿದ್ದ. ನಾನು ದೆವ್ವದ್ದು ಕೇಳಿದಾಗಲೆಲ್ಲ ಅವನು ನನ್ನ ಹಿಂದೆ ಗಂಡಸರು ಯಾರಾದರೂ ಇದ್ದಾರೋ ಎಂದು ಇಣುಕುತ್ತಿದ್ದ. "ಅದು ಬ್ಯಾಡ ಬಿಡಿ ಅಕ್ಕ, ಒಳ್ಳೇ ದೇವರ ಸಿನ್ಮಾ ಬಂದದೆ, ಅತ್ತೆ ಸೊಸೆ ಕೂತ್ಕಂಡು ನೋಡ್ಬೋದು" ಎನ್ನುತ್ತಿದ್ದ. ದೇವರನ್ನು ನೋಡಲು ನಿನ್ನ ಅಂಗಡಿಗೆ ಯಾಕಪ್ಪ ಬರಲಿ? ಜಗಳ ಮಾಡಿ ತಂದು ನೋಡಿದರೆ ಅರ್ಧಕ್ಕರ್ಧ ಸಿನಿಮಾಗಳಲ್ಲಿ ಮಹಾಮೋಸ. ಎರಡು ಗಂಟೆ ಹೆದರಿಸಿ, ಕೊನೆಗೆ ದೆವ್ವದ ಮುಖವಾಡ ಕಿತ್ತರೆ ಒಳಗೆ ಆಸ್ತಿ ಹೊಡೆಯಲು ಬಂದ ಚಿಕ್ಕಪ್ಪ! ಮೈ ಉರಿದುಹೋಗುತ್ತಿತ್ತು. ಆಸ್ತಿ ಹೊಡೆಯುವ ಚಿಕ್ಕಪ್ಪಂದಿರನ್ನು ನೋಡಲು ಕೋರ್ಟಿನ ಅಂಗಳಕ್ಕೆ ಹೋದರೆ ಸಾಲದೇ? ಅದಕ್ಕೇ ನಾನು ಕಟ್ಟುನಿಟ್ಟು ಮಾಡಿದೆ. ದೆವ್ವ ಕೊನೆಯವರೆಗೂ ದೆವ್ವವಾಗಿಯೇ ಇರಬೇಕು. ಬಾವಿಕಟ್ಟೆ ಮೇಲೆ ಕೂತು ಹಾಡಿದರೆ ಒಂದು ಹಾಡಿಗೆ ಕ್ಷಮೆ, ಎರಡನೆಯದಕ್ಕೆ ಕ್ಯಾಸೆಟ್ ವಾಪಸ್.

ನೋಡುವುದು ಭಾನುವಾರ ಮಧ್ಯಾಹ್ನ. ಸಂಜೆಯಾದರೆ ವೋಲ್ಟೇಜ್ ಇರುತ್ತಿರಲಿಲ್ಲ. ಕರೆಂಟು ಹುಟ್ಟುವುದೇ ನಮ್ಮ ಪಕ್ಕದಲ್ಲಿ, ಊರು ಮುಳುಗಿಸಿ ಕಟ್ಟಿದ ಅಣೆಕಟ್ಟಿನಲ್ಲಿ. ಅದು ಬೆಂಗಳೂರಿಗೆ ಓಡಿ ಹೋಗುತ್ತದೆ, ನಮ್ಮ ಮನೆಯ ಬಲ್ಬು ಮಾತ್ರ ಮಿಣಮಿಣ ಅನ್ನುತ್ತಿರುತ್ತದೆ. ಇರಲಿ, ಆ ಸಿಟ್ಟು ಬೇರೆ. ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆ ಮಾಡಿ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದವರು ನಮ್ಮತ್ತೆ. ಹೊಸನಗರದ ಕಡೆಯ ಹೆಂಗಸು. ಸೌದೆ ರಾಶಿಯಲ್ಲಿ ನಾಗರಹಾವು ಕಂಡರೆ "ಹೋಗಪ್ಪಾ, ನಂಗೆ ಒಲೆ ಹಚ್ಬೇಕು" ಎಂದು ಮಾತಾಡಿಸುವಷ್ಟು ಗಟ್ಟಿ ಜೀವ. ಪರದೆಯ ಮೇಲೆ ಬಿಳಿ ಸೀರೆ, ಬಿಟ್ಟ ಕೂದಲು ಬಂದು ನಿಂತಿತು, ನನ್ನ ಮೈಮೇಲೆ ಮುಳ್ಳು ಏಳುತ್ತಿದೆ, ಆಗ ಅತ್ತೆ ಲೊಚಗುಟ್ಟುತ್ತಿದ್ದರು.

"ಬಾಣಂತಿ ಸತ್ತಿರ್ಬೇಕು, ಪಾಪ. ತಲೆಗೆ ಎಣ್ಣೆ ಹಾಕೋರೂ ಗತಿ ಇಲ್ಲ."

"ಅತ್ತೆ, ಸುಮ್ನಿರಿ. ಅದು ದೆವ್ವ."

"ದೆವ್ವ ಅಂತ ಕಾಣ್ತದೆ ಮಾರಾಯ್ತಿ, ನಂಗೇನು ಕಣ್ಣಿಲ್ವಾ? ಅದ್ರ ಮನೇಲಿ ಯಾರೂ ಎಡೆ ಇಟ್ಟಿಲ್ಲ. ಇಟ್ಟಿದ್ರೆ ಹಿಂಗ್ಯಾಕೆ ಅಲೀತಿತ್ತು? ನೋಡು, ಹಸಿದ್ಕಂಡು ಅವನ ಕಾಲು ಹಿಡಿದು ಎಳೀತಾ ಇದೆ. ಎದ್ದು ಒಂದು ತುತ್ತು ಹಾಕ್ಬಾರ್ದಾ ಈ ಗಂಡಸು?"

ಮುಗಿಯಿತು! ಆಮೇಲೆ ಆ ದೆವ್ವವನ್ನು ನೋಡಿ ಹೆದರಲು ಯಾರಿಂದ ಸಾಧ್ಯ? ಹೊತ್ತಲ್ಲದ ಹೊತ್ತಿಗೆ ಊಟಕ್ಕೆ ಬಂದ ನೆಂಟರ ಹಾಗೆ ಕಾಣತೊಡಗುತ್ತಿತ್ತು. ಅಣ್ಣನಾದರೂ ಕಣ್ಣು ಮುಚ್ಚುತ್ತಿದ್ದ. ಇವರು ತೆರೆದ ಕಣ್ಣಿಗೇ ಮಣ್ಣು ಹಾಕುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರ ಹತ್ತಿರ ಹೇಳಿದರೆ, "ನೀನು ಒಬ್ಳೇ ನೋಡು" ಎಂದರು. ಒಬ್ಬಳೇ ದೆವ್ವದ ಸಿನಿಮಾ ನೋಡಲು ನನಗೇನು ತಲೆ ಕೆಟ್ಟಿದೆಯೇ? ಹೆದರಿಕೆ ಆಗುವುದಿಲ್ಲವೇ? ಕೊನೆಗೆ ನಾನೂ ಹಟಕ್ಕೆ ಬಿದ್ದೆ. ನಮ್ಮತ್ತೆಯನ್ನು ಹೆದರಿಸುವ ಸಿನಿಮಾಕ್ಕೆ ಮಾತ್ರ ನನ್ನ ಕಪಾಟಿನ ಮೇಲಿನ ಸಾಲಿನಲ್ಲಿ ಜಾಗ. ಅವರು "ಪಾಪ" ಎಂದದ್ದೆಲ್ಲ ಕೆಳಗಿನ ಸಾಲಿಗೆ. ಕೆಳಗಿನ ಸಾಲು ತುಂಬುತ್ತಾ ಹೋಯಿತು. ಮೇಲಿನದು ಖಾಲಿ ಹೊಡೆಯುತ್ತಿತ್ತು.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಬಂದು ಉಣ್ಣಲಿ ಎಂದು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುವುದು. ನನಗೆ ಬೆಳಗಿನ ಡ್ಯೂಟಿ ಇತ್ತು. ಮುಗಿಸಿ ಬರುವಾಗ ಅತ್ತೆ, ಯಜಮಾನರು ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೊರಟರೆ ಅತ್ತೆ ತಡೆದರು.

"ಹೋಗ್ಬ್ಯಾಡ, ಉಣ್ತಾ ಇದಾರೆ. ನಮ್ಮೋರು ನಡುಮನೇಲಿ. ನಿನ್ನೋರು ಟಿ.ವಿ. ಕೋಣೇಲಿ."

"ನನ್ನೋರಾ? ನನ್ನೋರು ಯಾರು?"

ಅಷ್ಟರಲ್ಲಿ ಟಿ.ವಿ. ಕೋಣೆಯಿಂದ ಧಡಾರ್ ಎಂದು ಸದ್ದಾಯಿತು. ಅತ್ತೆ ಎರಡೂ ಕೈ ಜೋಡಿಸಿ "ಬಂದ್ರು, ಬಂದ್ರು" ಎಂದರು. ನಾನು ಬಾಗಿಲು ತಳ್ಳಿದೆ. ಒಳಗೆ ಮಣೆಯ ಮೇಲೆ ನನ್ನ ಕ್ಯಾಸೆಟ್‌ಗಳು ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂತಿದ್ದವು. ಒಂದೊಂದರ ಹಣೆಗೂ ಕುಂಕುಮ. ಎದುರಿಗೆ ಬಾಳೆಎಲೆ, ಕಡುಬು, ಪಾಯಸ, ಒಂದು ಕಟ್ಟು ಬೀಡಿ. ಕೋಳಿ ಸಾರಿನ ಪಾತ್ರೆ ಕ್ಯಾಸೆಟ್‌ಗಳ ಮೇಲೆ ಮಗುಚಿ ಬಿದ್ದಿತ್ತು, ಪಕ್ಕದಲ್ಲಿ ನಮ್ಮ ಮನೆಯ ಬೆಕ್ಕು ಕೋಳಿಯ ಒಂದು ಕಾಲು ಕಚ್ಚಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಕ್ಯಾಸೆಟ್‌ಗಳು ಡಬ್ಬಿಯೊಳಗಾದರೂ ಇದ್ದವೇ? ಇಲ್ಲ. "ಡಬ್ಬಿ ಮುಚ್ಚಿದ್ರೆ ಅವು ಉಣ್ಣೋದು ಹೆಂಗೆ ಅಂತ ಬಿಚ್ಚಿಟ್ಟೆ" ಎಂದರು ಅತ್ತೆ. ಬೀಡಿ ಯಾಕೆ ಎಂದರೆ, "ಯಾರಿಗೆ ಎಂಥ ಇಷ್ಟವೋ, ನಂಗೇನು ಗೊತ್ತು?"

ನಾನು ಕೂಗಿದ ಕೂಗು ಎಕ್ಸ್‌ಚೇಂಜಿನ ಸಹಾಯವಿಲ್ಲದೆ ನೇರ ಹೊಸನಗರಕ್ಕೆ ಕೇಳಿಸಿರಬೇಕು. "ಇಷ್ಟು ವರ್ಷ ಒಂದೊಂದೇ ಆರಿಸಿ ಇಟ್ಕೊಂಡಿದ್ದೆ ಅತ್ತೆ! ನನ್ನದು ಅಂತ ಈ ಮನೇಲಿ ಇದ್ದದ್ದು ಅದೊಂದೇ!" ಎಂದು ಹೇಳುವಾಗ ಸಿಟ್ಟಿನ ಜೊತೆಗೆ ಕಣ್ಣೀರೂ ಬಂತು. ಒರೆಸಿ ಒಣಗಿಸಿದ ಒಂದು ಕ್ಯಾಸೆಟ್ಟನ್ನು ವಿ.ಸಿ.ಆರ್.ಗೆ ತುರುಕಿದ್ದಕ್ಕೆ ಅದೂ ಕೆಟ್ಟು ಕೂತಿತು. ರಿಪೇರಿಯವನು ಬಿಚ್ಚಿ, ಮೂಸಿ ನೋಡಿ, "ಮೇಡಂ, ಇದರೊಳಗೆ ಕೊತ್ತಂಬರಿ ಸೊಪ್ಪು ಇದೆ" ಎಂದ. ನಾನು ಅತ್ತೆಯ ಹತ್ತಿರ ಮಾತು ಬಿಟ್ಟೆ. ಅವರು ಕೆಲವು ದಿನ ನೋಡಿ, ಕೊನೆಗೆ ನನ್ನೆದುರಿಗೆ ಬಂದು ಕೂತರು.

"ಹಸಿದೋರನ್ನ ಮನೇಲಿಟ್ಕಂಡು ನಾವು ಹಬ್ಬದೂಟ ಉಣ್ಣೋದು ಹೆಂಗೆ ಹೇಳು? ಅದಕ್ಕೆ ಇಟ್ಟೆ. ಬೆಕ್ಕು ಒಳಗಿತ್ತು ಅಂತ ಗೊತ್ತಿರ್ಲಿಲ್ಲ. ಹೋಗ್ಲಿ, ಇನ್ನು ನಿನ್ನ ಸಿನ್ಮಾ ನೋಡೋವಾಗ ತುಟಿ ಪಿಟಕ್ ಅನ್ನಲ್ಲ. ಬಾಯಿಗೆ ಸೆರಗು ತುರ್ಕಂಡು ಕೂರ್ತೀನಿ, ಆಯ್ತಾ?"

ಇಂಥವರ ಮೇಲೆ ನೆಟ್ಟಗೆ ಸಿಟ್ಟು ಮಾಡಲೂ ಆಗುವುದಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು. ವಿ.ಸಿ.ಆರ್. ರಿಪೇರಿಯಾಯಿತು. ಯಜಮಾನರು ಶಿವಮೊಗ್ಗದಿಂದ ಒಂದು ಕ್ಯಾಸೆಟ್ ತಂದರು. ಮುಖವಾಡವಿಲ್ಲ, ಚಿಕ್ಕಪ್ಪನಿಲ್ಲ, ಒಂದೂ ಹಾಡಿಲ್ಲ ಎಂದು ಅಲ್ಲಿಯ ಅಂಗಡಿಯವನು ಆಣೆ ಹಾಕಿ ಕೊಟ್ಟಿದ್ದನಂತೆ. ಭಾನುವಾರ ಮಧ್ಯಾಹ್ನ ಕಂಬಳಿ ಕಟ್ಟಿದೆ. ಅತ್ತೆ ಮಾತಿಗೆ ತಪ್ಪಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಪಕ್ಕದಲ್ಲಿ ಕೂತರು. ಸಿನಿಮಾ ನಿಜಕ್ಕೂ ಒಳ್ಳೆಯದಿತ್ತು. ಒಂಟಿ ಮನೆ, ಮೆಟ್ಟಿಲ ಮೇಲೆ ಒಂದು ನೆರಳು, ಅದು ಒಂದೊಂದೇ ಮೆಟ್ಟಿಲು ಇಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿತು. ಮನೆಯೊಡತಿ ಬೆನ್ನು ಹಾಕಿ ರೊಟ್ಟಿ ತಟ್ಟುತ್ತಿದ್ದಾಳೆ. ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ಜನ್ಮದಲ್ಲಿ ಮೊದಲ ಸಲ ಯಾವ ಅಡ್ಡಿಯೂ ಇಲ್ಲದೆ ನನಗೊಂದು ದೆವ್ವ ಸಿಕ್ಕಿತ್ತು. ಈಗ ಹೆದರಿಕೆ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆ ನೆರಳು ಅಲ್ಲೇ ನಿಂತು ರೊಟ್ಟಿಯನ್ನೇ ನೋಡುತ್ತಿತ್ತು. ಆ ಹೆಂಗಸು ತಿರುಗುವುದೂ ಇಲ್ಲ. ನನಗೆ ಹೊಟ್ಟೆಯೊಳಗಿನಿಂದ ಸಿಟ್ಟು ಉಕ್ಕಿ ಬಂತು.

"ಅಲ್ಲ, ಆಗಿನಿಂದ ಬಾಗಿಲಲ್ಲಿ ನಿಂತಿದೆ, ಪಾಪ! ಒಂದು ರೊಟ್ಟಿ ಕೊಟ್ರೆ ಇವಳ ಗಂಟೇನು ಹೋಗ್ತದೆ?" ಎಂದು ಕಿರುಚಿಯೇಬಿಟ್ಟೆ.

ಅತ್ತೆ ಬೆಚ್ಚಿಬಿದ್ದು ಬಾಯಿಂದ ಸೆರಗು ತೆಗೆದರು. ಅವರ ಕೈ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು, ತಣ್ಣಗೆ ಬೆವರಿತ್ತು.

"ಥೂ, ಬಾಯಿ ಮುಚ್ಚೆ ಮಾರಾಯ್ತಿ! ಈಗಷ್ಟೇ ನಂಗೆ ಹೆದ್ರಿಕೆ ಆಗ್ಲಿಕ್ಕೆ ಶುರುವಾಗಿತ್ತು. ಎಲ್ಲಾ ಹಾಳು ಮಾಡ್ದೆ!"