ಕೋಳಿ ನೀರು ಕುಡಿದ ಡಿಶ್ಶು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಕೆಡುವುದಿಲ್ಲ. ಇದು ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಪಕ್ಕದ ಮನೆಯಲ್ಲಿ ಮಿಕ್ಸಿ ಸುಡುತ್ತದೆ, ಎದುರು ಮನೆಯಲ್ಲಿ ಫ್ಯಾನು ನಿಲ್ಲುತ್ತದೆ, ನಮ್ಮ ಮನೆಯಲ್ಲಿ ಮಾತ್ರ ಎಲ್ಲವೂ ತಣ್ಣಗೆ ನಡೆಯುತ್ತಿರುತ್ತದೆ. ಇದಕ್ಕೆ ನನ್ನ ಕೈಗುಣವೇ ಕಾರಣವೆಂದು ಪ್ರಾಮಾಣಿಕವಾಗಿ ನಂಬಿದ್ದೆ. ನಮ್ಮೂರು ಹ್ಯಾಂಡ್‌ಪೋಸ್ಟಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಪ್ರತಿಭೆಗೆ ಅಂಗಡಿ ಯಾವುದಾದರೇನು!

ಈ ಪ್ರತಿಭೆಯನ್ನು ಪರೀಕ್ಷೆಗೆ ಒಡ್ಡಿದವಳು ನನ್ನ ಹೆಂಡತಿ ಭಾಗ್ಯ. ಟಿವಿಯ ಅಡುಗೆ ಕಾರ್ಯಕ್ರಮವೊಂದಕ್ಕೆ ಹೋಗಿ ಹುರುಳಿಕಾಳಿನ ಸಾರು ಮಾಡಿ ಬಂದಿದ್ದಳು. ನಮ್ಮ ಕಡೆ ಅದು ಉಳ್ಳಿಸಾರು. ಮಧ್ಯಾಹ್ನ ಒಂದು ಗಂಟೆಗೆ ಪ್ರಸಾರ ಎಂದು ಗೊತ್ತಾದ ಮೇಲೆ ಬೀದಿಯವರಿಗೆಲ್ಲ ಹೇಳಿದ್ದಾಯಿತು. ಆದರೂ ಅವಳ ಮುಖ ಪೂರ್ತಿ ಅರಳಲಿಲ್ಲ.

"ಮಾವನೋರು ನೋಡಕ್ಕಾಗಲ್ವಲ್ಲರೀ. ಉಳ್ಳಿಸಾರು ಮಾಡದ್ನ ನಂಗೆ ಹೇಳ್ಕೊಟ್ಟಿದ್ದೇ ಅವರು" ಎಂದಳು.

ಮಾತು ನಿಜ. ನಮ್ಮ ಹೊಲ, ತಂಬಾಕು ಬೇಯಿಸುವ ಬ್ಯಾರನ್ನು ಎರಡೂ ಇರುವುದು ಹಂಪಾಪುರದ ಹತ್ತಿರ. ಬ್ಯಾರನ್ನಿಗೆ ಸೊಪ್ಪು ತುಂಬಿ ಬೆಂಕಿ ಹಾಕಿದರೆ, ಅದು ಬಣ್ಣಕ್ಕೆ ಬಂದು ಒಣಗುವವರೆಗೂ ಅಪ್ಪ ಆ ಜಾಗ ಬಿಡುವುದಿಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ. ಉರಿ ಹೆಚ್ಚಾದರೆ ಸೊಪ್ಪು ಕಪ್ಪು, ಕಡಿಮೆಯಾದರೆ ಹಸಿರು, ಎರಡನ್ನೂ ಕೊಳ್ಳುವವರಿಲ್ಲ. ಅಲ್ಲಿ ಕಾಯುತ್ತ ಕೂತು ಮೂರು ಕಲ್ಲಿನ ಒಲೆಯ ಮೇಲೆ ಅಪ್ಪ ಮಾಡುವ ಉಳ್ಳಿಸಾರು ಸುತ್ತಲ ಹೊಲಗಳಿಗೆಲ್ಲ ಹೆಸರುವಾಸಿ. ಮೊಬೈಲಿನಲ್ಲಿ ತೋರಿಸೋಣವೆಂದರೆ ಅಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ.

ಆದರೆ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ನಮ್ಮ ಹಳೆಯ ಟಿವಿ ಇತ್ತು. ಅದರ ಡಿಶ್ ಬಾಕ್ಸೂ ಇತ್ತು. ಮನೆಯ ಬಾಕ್ಸೂ ಅದೂ ಒಂದೇ ಖಾತೆಯವು. ನೋಡುವವರಿಲ್ಲವೆಂದು ಅದನ್ನು ನಿಲ್ಲಿಸಿದ್ದೆವು ಅಷ್ಟೆ. ಒಂದು ಫೋನು ಮಾಡಿದರೆ ಮತ್ತೆ ಚಾಲೂ!

"ರಿಪೇರಿಯೋರ್ನ ಕರಿಯಣ ಕಣ್ರೀ" ಎಂದಳು ಭಾಗ್ಯ.

"ನಾನಿರೋವಾಗ ರಿಪೇರಿಯೋರಾ?"

ಅವಳು ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಪ್ರಸಾರದ ದಿನ ಬೆಳಿಗ್ಗೆ ಹೊಲಕ್ಕೆ ಹೊರಡುವ ಮುನ್ನ ಮನೆಯ ಬಾಕ್ಸನ್ನು ಮಗುಚಿ, ಅದರ ತಳದಲ್ಲಿದ್ದ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಖಾತೆ ಒಂದೇ ಆದಮೇಲೆ ನಂಬರೂ ಒಂದೇ ಇರುತ್ತದೆಂಬುದು ನನ್ನ ಸಂಶೋಧನೆ.

ಬ್ಯಾರನ್ನಿನ ಹತ್ತಿರ ಹೋದಾಗ ಟಿವಿ ಇತ್ತು, ಬಾಕ್ಸು ಇತ್ತು. ಡಿಶ್ಶು ಮಾತ್ರ ಮಾಡಿನ ಮೇಲಿರಲಿಲ್ಲ.

"ಅದಾ? ಅಲ್ಲೈತೆ ನೋಡು" ಎಂದು ಅಪ್ಪ ಬೆರಳು ತೋರಿಸಿದ. ಅಂಗಳದಲ್ಲಿ ಅಂಗಾತ ಮಲಗಿದ್ದ ಡಿಶ್ಶಿನಲ್ಲಿ ಕೋಳಿಗಳು ಸುತ್ತ ನಿಂತು ನೀರು ಕುಡಿಯುತ್ತಿದ್ದವು.

"ಅಪ್ಪಾ, ಇದು ಡಿಶ್ಶು ಕಣಪ್ಪ!"

"ಸುಮ್ಕೆ ಬಿದ್ದಿತ್ತು. ಕೋಳಿಗಾದ್ರೂ ಆಯ್ತದಲ್ಲ ಅಂತ ಇಳುಸ್ಕೊಂಡೆ. ಈಗ ಅವಕ್ಕೆ ನೀರೆಲ್ಲಿ ಇಡ್ಲಿ?"

ಸೊಸೆ ಟಿವಿಯಲ್ಲಿ ಬರುತ್ತಾಳೆ ಎಂದೆ. ಅಪ್ಪ ತಾನೇ ಎದ್ದು ನೀರು ಚೆಲ್ಲಿ, ಹೆಗಲ ಟವಲಿನಿಂದ ಡಿಶ್ಶನ್ನು ಚೆನ್ನಾಗಿ ಒರೆಸಿಕೊಟ್ಟ. ನೋಡಬೇಕೆಂಬ ಆಸೆ ಅವನಿಗೆ ಎಷ್ಟಿದೆ ಎಂಬುದು ಆಗ ಗೊತ್ತಾಯಿತು. ಇದನ್ನು ಕೆಡಿಸಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕೆಡಿಸುವ ಕೆಲಸ ಅಲ್ಲಿಂದಲೇ ಶುರುವಾಯಿತು!

ಶೆಡ್ಡಿನ ಮಾಡು ಹತ್ತಿ ಡಿಶ್ಶನ್ನು ಹಳೆಯ ಕಂಬಕ್ಕೆ ಬಿಗಿದೆ. ಯಾವ ಕಡೆ ಮುಖ ಮಾಡಬೇಕು? ಪಕ್ಕದ ಹೊಲದ ಶೆಡ್ಡಿನ ಮೇಲೊಂದು ಡಿಶ್ಶಿತ್ತು. ಅದು ನೋಡುವ ಕಡೆಗೇ ನನ್ನದನ್ನೂ ತಿರುಗಿಸಿದೆ. ಕೆಳಗೆ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಟಿವಿಯ ಮುಂದೆ ಕೂತಿದ್ದರು.

"ಬಂತಾ?" ಎಂದು ಕೂಗಿದೆ.

"ಏನೂ ಇಲ್ಲ ಕಣಣ್ಣ, ಬರೀ ನೀಲಿ!" ಎಂದಳು ಅವರಲ್ಲಿ ಹಿರಿಯಳಾದ ಚಿಕ್ಕತಾಯಮ್ಮ.

ಬಿಸಿಲಿಗೆ ಕಾದ ತಗಡಿನ ಮೇಲೆ ಒಂದೊಂದೇ ಕಾಲು ಎತ್ತಿಡುತ್ತ ಬಹಳ ಹೊತ್ತು ಕುಣಿದೆ. ನೀಲಿ ಹೋಗಲಿಲ್ಲ. ಕೊನೆಗೆ ಅಪ್ಪ ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ ಹೊರಗೆ ಬಂದು ಮೇಲೆ ನೋಡಿದ.

"ಯಾಕ್ಲಾ ಸಿದ್ರಾಜ, ಆ ಡಿಶ್ಶು ನೋಡ್ಕಂಡು ತಿರುಗುಸ್ತಾ ಇದ್ದೀಯ? ಅದು ಹೋದ ವರ್ಷನೇ ಗಾಳಿಗೆ ಮಕ ತಿರುಗ್ಕಂತು. ಅವರು ಅದ್ಕೆ ಬಟ್ಟೆ ಒಣಗಾಕ್ತಾರೆ ಕಣ್ಲಾ!"

ಅಲ್ಲಿಂದ ಇಂಚಿಂಚೇ ಸರಿಸುತ್ತ ಬಂದೆ. ಕೊನೆಗೂ ಕೆಳಗಿನಿಂದ ಕೂಗು ಬಂತು: "ಹಸ್ರು ಪಟ್ಟೆ ಬಂತು ಕಣಣ್ಣ!"

"ಹಸ್ರು ಬಂದ್ರೆ ಕೆಟ್ಟೋಯ್ತು ಅಂತ ಅಲ್ವಾ?" ಎಂದ ಅಪ್ಪ, ಗಾಬರಿಯಿಂದ. ತಂಬಾಕಿನವನ ಕಣ್ಣಿಗೆ ಹಸಿರು ಅಂದರೆ ನಷ್ಟವೇ.

ಸಿಗ್ನಲ್ ಸಿಕ್ಕಿತ್ತು. ಇನ್ನು ಫೋನು. ಡಿಶ್ ಕಂಪನಿಯ ಹುಡುಗಿ ಬಹಳ ವಿನಯದಿಂದ ಬಾಕ್ಸಿನ ನಂಬರು ಕೇಳಿದಳು. ನಾನು ಫೋಟೋ ತೆಗೆದುಕೊಂಡಿದ್ದ ನಂಬರನ್ನು ಗಂಭೀರವಾಗಿ ಓದಿದೆ.

"ಸರ್, ಈ ಬಾಕ್ಸ್ ಈಗಾಗಲೇ ಚಾಲ್ತಿಯಲ್ಲಿದೆ."

"ಚಾಲ್ತಿಯಲ್ಲಿದ್ರೆ ನನ್ನ ಕಣ್ಣಿಗೆ ಯಾಕೆ ಕಾಣ್ತಿಲ್ಲ? ಒಂದ್ಸಲ ಆಫ್ ಮಾಡಿ ಆನ್ ಮಾಡಿಬುಡಿ ಮೇಡಂ."

"ಆಫ್ ಮಾಡಿದರೆ ಸಂಜೆವರೆಗೂ ಮತ್ತೆ ಆನ್ ಆಗುವುದಿಲ್ಲ ಸರ್. ನಂಬರ್ ಸರಿಯಾಗಿದೆಯಾ ಒಮ್ಮೆ ನೋಡ್ತೀರಾ?"

"ನಂಗೆಲ್ಲಾ ಗೊತ್ತು. ಮಾಡಿ!"

ಮಾಡಿದಳು. ನಾನು ಟಿವಿಯ ಮುಂದೆ ನಿಂತೇ ಇದ್ದೆ, ಏನೂ ಆಗಲಿಲ್ಲ. ಆದದ್ದು ಹ್ಯಾಂಡ್‌ಪೋಸ್ಟಿನಲ್ಲಿ! ಭಾಗ್ಯಳ ಫೋನು ಬಂತು.

"ಏನ್ ಮಾಡಿದ್ರಿ?" ಎಂದಳು. ಏನಾಯಿತು ಎಂದು ಕೇಳಲಿಲ್ಲ, ಗಮನಿಸಿ. "ಇಲ್ಲಿ ಟಿವಿ ಹೊಂಟೋಯ್ತು. ಮನೆ ತುಂಬ ಜನ ಕೂತವ್ರೆ. ಅಲ್ಲಿ ಬಂತಾ?"

ಈಗ ಎರಡು ಕಡೆಯೂ ಇಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಇಲ್ಲಿ ಫಸ್ಟ್ ಕ್ಲಾಸಾಗಿ ಬತ್ತಾ ಐತೆ!" ಎಂದುಬಿಟ್ಟೆ.

"ಅಂಗಾದ್ರೆ ಒಳ್ಳೇದೇ ಆಯ್ತು ಬುಡಿ. ಇನ್ನೂ ಹೊತ್ತೈತೆ, ನಾವೇ ಅಲ್ಲಿಗೆ ಬತ್ತೀವಿ. ಮಾವನೋರ ಜೊತೇಲೇ ನೋಡ್ತೀನಿ" ಎಂದು ಫೋನಿಟ್ಟಳು.

ತಡಬಡಿಸಿ ಹಳೆಯ ಬಾಕ್ಸನ್ನು ಮಗುಚಿದೆ. ತಳದಲ್ಲಿ ಮಸಿ, ಧೂಳು, ಜಿಡ್ಡು. ಚಿಕ್ಕತಾಯಮ್ಮ ಸೆರಗಿನ ತುದಿಯಿಂದ ಉಜ್ಜಿದ ಮೇಲೆ ನಂಬರು ಕಂಡಿತು. ಬೇರೆಯದೇ ನಂಬರು! ಮತ್ತೆ ಫೋನು ಹಚ್ಚಿದೆ. ಈ ಸಲ ನನ್ನ ದನಿ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಬೀಗರಂತೆ ಮೆತ್ತಗಿತ್ತು.

"ಆಯ್ತು ಸರ್, ಕಳಿಸಿದ್ದೇನೆ. ಬಾಕ್ಸನ್ನು ಆನ್ ಮಾಡಿ, ಇರುವ ಚಾನೆಲ್‌ನಲ್ಲೇ ಬಿಡಿ. ಸ್ವಲ್ಪ ಹೊತ್ತು ಏನನ್ನೂ ಮುಟ್ಟಬೇಡಿ."

ಮುಟ್ಟಬೇಡಿ! ನನ್ನಂಥ ತಂತ್ರಜ್ಞನಿಗೆ ಇದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ಒಂದು ನಿಮಿಷ ತಡೆದೆ. ಆಮೇಲೆ ಚಾನೆಲ್ ಬದಲಿಸಿದೆ. ಆಫ್ ಮಾಡಿ ಆನ್ ಮಾಡಿದೆ. ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಪ್ರತಿ ಸಲವೂ ಬಾಕ್ಸು ಪಾಪ, ಮೊದಲಿನಿಂದ ಏಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬಡಗಿ ಬಷೀರಣ್ಣನ ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಮರ ತುಂಬುವ ಜಾಗದಲ್ಲಿ ಭಾಗ್ಯ, ಬಷೀರಣ್ಣನ ಹೆಂಡತಿ ನೂರ್‌ಜಾನಕ್ಕ, ಜೊತೆಗೆ ನಮ್ಮ ಅರ್ಧ ಬೀದಿ.

ಭಾಗ್ಯ ಟಿವಿ ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಗಂಟೆ ಆಗಿಯೇ ಹೋಗಿತ್ತು. ಮತ್ತೆ ರಿಮೋಟಿಗೆ ಕೈ ಹಾಕಿದೆ.

"ಮಡಗ್ಲಾ ಅದ್ನ!" ಎಂದು ಅಪ್ಪ ಗುಡುಗಿದ. "ಗಳಿಗೆಗೊಂದ್ಸಲ ಬ್ಯಾರನ್ ಬಾಗ್ಲು ತಗುದು ನೋಡ್ತಿದ್ರೆ ಸೊಪ್ಪು ಬಣ್ಣಕ್ಕೆ ಬತ್ತದಾ? ಮುಚ್ಕೊಂಡು ಕಾಯ್ಬೇಕು!"

ಹಾಗೆಂದವನೇ ರಿಮೋಟನ್ನು ಕಿತ್ತುಕೊಂಡು, ನೆಲದ ಮೇಲಿಟ್ಟು, ಅದರ ಮೇಲೆಯೇ ಕೂತುಬಿಟ್ಟ. ಬ್ಯಾರನ್ನಿನ ಒಲೆಯಲ್ಲಿ ಸೌದೆ ಚಟಪಟ ಅನ್ನುವುದು ಕೇಳುತ್ತಿತ್ತು. ನಾನು ನನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಇವು ಇನ್ನೇನೂ ಮಾಡದಿರಲಿ ಎಂದು ಬೇಡಿಕೊಂಡೆ.

ನೀಲಿ ಹೋಯಿತು. ಕಪ್ಪಾಯಿತು. ಇದ್ದಕ್ಕಿದ್ದಂತೆ ಭಾಗ್ಯ ಕಾಣಿಸಿಕೊಂಡಳು! ಹಸಿರು ಸೀರೆ, ಕೈಯಲ್ಲಿ ಸೌಟು.

ಹೆಂಗಸರೆಲ್ಲ ಹೋ ಎಂದು ಕೂಗಿದರು. ನೂರ್‌ಜಾನಕ್ಕ ಭಾಗ್ಯಳನ್ನು ತಬ್ಬಿಕೊಂಡಳು. ಟಿವಿಯೊಳಗಿನ ಭಾಗ್ಯ ಒಗ್ಗರಣೆ ಹಾಕುತ್ತ, "ಇದ್ನ ಕಲಿಸಿಕೊಟ್ಟಿದ್ದು ನಮ್ಮ ಮಾವನೋರು" ಎಂದಳು. ಅಪ್ಪ ಕೆಮ್ಮಿದ. ಡಿಶ್ಶು ಒರೆಸಿದ ಟವಲಿನಿಂದಲೇ ಕಣ್ಣೊರೆಸಿಕೊಂಡು, "ಬೆಳ್ಳುಳ್ಳಿ ಕಮ್ಮಿ ಆಯ್ತು" ಎಂದ. ನನಗೆ ಎದೆಯ ಮೇಲಿಂದ ಗೊಬ್ಬರದ ಮೂಟೆ ಇಳಿಸಿದ ಹಾಗಾಯಿತು. ಅಬ್ಬಾ, ಗೆದ್ದೆ!

ಆಗ ನಿರೂಪಕಿ ಕೇಳಿದಳು: "ಮನೇಲಿ ನಿಮ್ಮ ಯಜಮಾನರು ಸಹಾಯ ಮಾಡ್ತಾರಾ?"

ಟಿವಿಯ ಭಾಗ್ಯ ನಕ್ಕಳು. "ಅಯ್ಯೋ ಬುಡಿ ಮೇಡಂ. ನಮ್ಮನೇಲಿ ಏನಾದ್ರೂ ಕೆಟ್ಟೋದ್ರೆ ಮೊದ್ಲು ಅವರ ಕಣ್ಣಿಗೆ ಬೀಳ್ದಂಗೆ ಬಚ್ಚಿಡ್ತೀನಿ. ಅವರು ಅಂಗ್ಡಿಗೆ ಹೋದ್ಮೇಲೆ ರಿಪೇರಿಯೋರ್ನ ಕರುಸ್ತೀನಿ. ಅವರ ಕೈಗೆ ಸಿಕ್ರೆ ರಿಪೇರಿಯೋರೂ ಮುಟ್ಟಲ್ಲ!"

ಶೆಡ್ಡಿನ ತಗಡು ಅದುರುವಂತೆ ನಗು ಎದ್ದಿತು. ಅಪ್ಪ ನಕ್ಕು ನಕ್ಕು ರಿಮೋಟಿನ ಮೇಲಿಂದ ಪಕ್ಕಕ್ಕೆ ಉರುಳಿದ. ಪಕ್ಕದಲ್ಲಿದ್ದ ಭಾಗ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಟಿವಿಯೋರು ಅದ್ನ ಕತ್ತರಿಸ್ತೀವಿ ಅಂದಿದ್ರು ಕಣ್ರೀ" ಎಂದಳು.

ನಮ್ಮ ಮನೆಯಲ್ಲಿ ಏನೂ ಕೆಡದಿರುವ ಗುಟ್ಟು ಹೀಗೆ ಬಯಲಾಯಿತು. ಇಷ್ಟು ಜನಕ್ಕೆ ಅದನ್ನು ಕೇಳಿಸಲೆಂದೇ ನಾನು ಬೆಳಗಿನಿಂದ ಕಾದ ತಗಡಿನ ಮೇಲೆ ಕುಣಿದಿದ್ದೆ! ಆದರೂ ಭಾಗ್ಯ ನಗುತ್ತಿದ್ದಳು, ಅಪ್ಪ ನಗುತ್ತಿದ್ದ. ನಾನೂ ನಕ್ಕೆ. ಮನಸ್ಸು ಹಗುರವಾಗಿತ್ತು.

ಹೊರಡುವಾಗ ಮನೆಯ ಬಾಕ್ಸನ್ನು ಸರಿಮಾಡುವ ಮಾತು ಬಂತು. ನಾನು ಬಾಯಿ ತೆರೆಯುವ ಮೊದಲೇ ಬಷೀರಣ್ಣ ರಿಪೇರಿಯವರಿಗೆ ಫೋನು ಮಾಡಿ ಆಗಿತ್ತು.

"ನಾನೇನು ಮಾಡ್ಲಿ?" ಎಂದು ಅಪ್ಪನನ್ನು ಕೇಳಿದೆ.

ಅಪ್ಪ ಅಂಗಳದ ಕಡೆ ನೋಡಿದ. ಡಿಶ್ಶಿದ್ದ ಜಾಗದಲ್ಲಿ ಕೋಳಿಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು.

"ಒಂದು ಬೋಗಣಿ ತಂದು ಅವಕ್ಕೆ ನೀರಿಡು" ಎಂದ. ನಾನು ಎದ್ದೆ. ಅಪ್ಪ ಸ್ವಲ್ಪ ಯೋಚಿಸಿ, "ಇರು, ಚಿಕ್ಕತಾಯಮ್ಮನೂ ಜೊತೇಲಿ ಬರ್ಲಿ" ಎಂದ.